ಕೆರೆಯಿಂದ ಕೆರೆಗೆ ಒಂದು ದಾರಿ ಬೇಕು

ನಾನು ವಾಸವಾಗಿರುವ ತಣಿಸಂದ್ರದ ಹೆಸರಿನಲ್ಲಿಯೇ ನೀರಿದೆ. ಬೊಮ್ಮಸಂದ್ರ, ಸಿಂಗಸಂದ್ರ, ಅಲ್ಲಾಳಸಂದ್ರ ಮೊದಲಾದ ಹೆಸರುಗಳಲ್ಲಿ ಕಾಣುವ 'ಸಂದ್ರ'ವು 'ಸಮುದ್ರ' ಶಬ್ದದ ಜನಬಳಕೆಯ ರೂಪ. ತಾವು ಕಟ್ಟಿದ ಕೆರೆಯನ್ನು ಸಮುದ್ರವೆಂದೇ ಕರೆದವರು ನಮ್ಮ ಹಿರಿಯರು. ಈಗ ಆ ಕೆರೆಗಳ ದಂಡೆಗಳಲ್ಲಿ ನಡಿಗೆ ಪಥಗಳಾಗಿವೆ. ಇದು ಸಂತೋಷದ ಸಂಗತಿ. ನನ್ನ ವಯಸ್ಸಿನವರಿಗೆ ವೈದ್ಯರು ದಿನವೂ ನಡೆಯಿರಿ ಎನ್ನುತ್ತಾರೆ. ಆದರೆ ತಣಿಸಂದ್ರ ಮುಖ್ಯರಸ್ತೆಯಲ್ಲಿ ನಡೆಯುವುದೆಂದರೆ ಒಂದು ಸಾಹಸವೇ ಸರಿ. ಆದರೂ ಈ ಪಥಗಳ ಬಗ್ಗೆ ನನಗೊಂದು ಅತೃಪ್ತಿಯಿದೆ.

ಕಳೆದ ತಿಂಗಳು ಒಂದು ಇಡೀ ದಿನವನ್ನು ಇದಕ್ಕೆಂದೇ ಮೀಸಲಿಟ್ಟು ಜಕ್ಕೂರು ಕೆರೆಯಿಂದ ರಾಚೇನಹಳ್ಳಿ ಕೆರೆಯವರೆಗೆ ನಡೆದೆ. ಸುಮಾರು 160 ಎಕರೆ ವಿಸ್ತಾರದ ಜಕ್ಕೂರು ಕೆರೆಯಲ್ಲಿ ಆ ಬೆಳಿಗ್ಗೆ ಹೆಜ್ಜಾರ್ಲೆಗಳೂ ನೀರುಕಾಗೆಗಳೂ ಇದ್ದವು. ಅಲ್ಲಿ ನೋಡಲೇಬೇಕಾದದ್ದು ಪಥವಲ್ಲ, ನೀರು ಬರುವ ಬಗೆ. ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಕೊಳಚೆನೀರು ಶುದ್ಧೀಕರಣ ಘಟಕವಿದೆ. ಮೊದಲಿಗೆ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್ ಇತ್ತು. ಅಲ್ಲಿ ಶುದ್ಧವಾದ ನೀರು ಜೊಂಡು ಬೆಳೆದ ಜೌಗು ಪ್ರದೇಶವನ್ನು ಹಾದು, ಅಳಿದುಳಿದ ಕಲ್ಮಶವನ್ನು ಅಲ್ಲಿಯೇ ಬಿಟ್ಟು ಕೆರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿಯೂ ಕೆರೆ ಬತ್ತದಿರುವುದಕ್ಕೆ ಇದು ಮುಖ್ಯ ಕಾರಣ. ಮೀನುಗಾರರೂ ದನಗಳಿಗೆ ಹುಲ್ಲು ಕೊಯ್ಯುವವರೂ ಈ ಕೆರೆಯನ್ನು ನಂಬಿದ್ದಾರೆ.

ಜಕ್ಕೂರು ಕೆರೆ ಕೋಡಿ ಹರಿದರೆ ಆ ನೀರು ಸೇರುವುದು ರಾಚೇನಹಳ್ಳಿ ಕೆರೆಯನ್ನು. ನೀರಿಗೆ ದಾರಿಯುಂಟು, ನನಗಿರಲಿಲ್ಲ. ಗೇಟಿನಿಂದ ಹೊರಬಿದ್ದು ವಾಹನಗಳ ನಡುವೆ, ಬಡಾವಣೆಗಳ ಸಂದಿಗಳಲ್ಲಿ ವಿಚಾರಿಸುತ್ತ ನಡೆದೆ. ಕಾಲುವೆ ಒಮ್ಮೆ ಗೋಡೆಯ ಹಿಂದೆ ಕಂಡಿತು, ಮತ್ತೊಮ್ಮೆ ವಾಸನೆಯಿಂದಷ್ಟೇ ತಿಳಿಯಿತು. ಕೊನೆಗೆ, 1989ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನೆರೆಯಲ್ಲಿ ರಾಚೇನಹಳ್ಳಿ ಕೆರೆ ತೆರೆದುಕೊಂಡಿತು. ಸಂಜೆಯ ಹೊತ್ತಿಗೆ ಪಥದ ತುಂಬ ಜನ. ಈ ನೀರು ಎಲ್ಲಿಂದ ಬರುತ್ತದೆಂದು ಮೂವರನ್ನು ಕೇಳಿದೆ. ಮಳೆಯಿಂದ ಎಂದರು ಇಬ್ಬರು. ಮೂರನೆಯವರು ನಕ್ಕು ಮುಂದೆ ನಡೆದರು.

ಅವರನ್ನು ದೂಷಿಸಲಾರೆ. ಸುತ್ತು ಪಥವು ನಮ್ಮನ್ನು ಹೊರಟಲ್ಲಿಗೇ ತಂದು ನಿಲ್ಲಿಸುತ್ತದೆ. ಕೆರೆಯೆಂದರೆ ಬೇಲಿಯೊಳಗಿನ ಒಂದು ಕೊಳವೆಂಬ ಭಾವನೆ ಹುಟ್ಟುತ್ತದೆ. ನೈನಿತಾಲದಂತಹ ಊರುಗಳದು ಪ್ರಕೃತಿನಿರ್ಮಿತ ಸರೋವರ. ನಮ್ಮವು ಹಾಗಲ್ಲ. ದೊಡ್ಡ ನದಿಯಿಲ್ಲದ ನೆಲದಲ್ಲಿ, ಇಳಿಜಾರನ್ನು ಅರಿತು, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಒದಗುವಂತೆ ಕಟ್ಟಿದ ಸರಪಳಿಯವು. ಏರಿ, ತೂಬು, ಕೋಡಿ, ಕಾಲುವೆ ಇಷ್ಟೂ ಸೇರಿದರೆ ಮಾತ್ರ ಕೆರೆ.

ಕಾಲುವೆಯನ್ನು ಮರೆತರೆ ಏನಾಗುತ್ತದೆಂಬುದನ್ನು ಇದೇ ಸರಪಳಿಯ ಮೇಲ್ಭಾಗದಲ್ಲಿ ಕಂಡಿದ್ದೇವೆ. 2024ರ ಅಕ್ಟೋಬರ್ ತಿಂಗಳ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ ಜಲಾವೃತವಾಗಿ, ನಿವಾಸಿಗಳನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಯಲಹಂಕದ ನೀರೇ ಜಕ್ಕೂರಿಗೆ, ಅಲ್ಲಿಂದ ನಮ್ಮ ಕಡೆಗೆ ಬರುವುದು. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ, ಮರೆತವರು ನಾವು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ. ಇರುವ ಪಥಗಳಿಗೆ ಹೊಸ ಕಲ್ಲುಹಾಸು, ಅಲಂಕಾರದ ದೀಪ ಹಾಕುವುದಕ್ಕಿಂತ ಮೊದಲು, ಜಕ್ಕೂರಿನಿಂದ ರಾಚೇನಹಳ್ಳಿಯವರೆಗೆ ರಾಜಕಾಲುವೆಯ ಗುಂಟ ಒಂದು ಕಾಲುದಾರಿಯಾಗಬೇಕು. ಮಣ್ಣಿನ ದಾರಿ ಸಾಕು. ಎರಡು ಸಾಲು ಹೊಂಗೆ ಮರಗಳು ಸಾಕು. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂದು ಕನ್ನಡದಲ್ಲಿ ಬರೆದ ಫಲಕಗಳಿರಲಿ. ಹುಲ್ಲು ಕೊಯ್ಯುವವರಿಗೂ ಮೀನು ಹಿಡಿಯುವವರಿಗೂ ಅದು ದಾರಿಯಾಗಲಿ.

ಕೊಳಚೆಯ ಪಕ್ಕದಲ್ಲಿ ಯಾರು ನಡೆಯುತ್ತಾರೆ ಎಂದು ಕೆಲವರು ಕೇಳಬಹುದು. ಯಾರೂ ನಡೆಯದಿರುವುದರಿಂದಲೇ ಅದು ಕೊಳಚೆಯಾಗಿ ಉಳಿದಿದೆ ಎನ್ನುತ್ತೇನೆ. ದಿನವೂ ನೂರು ಜನ ನೋಡುವ ಕಾಲುವೆಗೆ ರಾತ್ರೋರಾತ್ರಿ ಕಟ್ಟಡದ ಅವಶೇಷ ಸುರಿಯುವುದು ಸುಲಭವಲ್ಲ. ಇದು ಕೇವಲ ಕನಸೂ ಅಲ್ಲ. ಕೋರಮಂಗಲ ಕಣಿವೆಯಲ್ಲಿ ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿನತ್ತ ಸಾಗುವ ರಾಜಕಾಲುವೆಯನ್ನು ಶುದ್ಧಗೊಳಿಸಿ ನಡಿಗೆ ದಾರಿ ಮಾಡುವ ಕಾರ್ಯವನ್ನು ಕೆ-100 ಎಂಬ ಹೆಸರಿನಲ್ಲಿ ಈಗಾಗಲೇ ಕೈಗೊಂಡದ್ದುಂಟು. ಅಲ್ಲಿ ಆಗುವುದಾದರೆ ಇಲ್ಲಿಯೂ ಆಗಬೇಕು.

ನನ್ನ ಶಿಷ್ಯರಲ್ಲಿ ಅನೇಕರು ಇಂಜಿನಿಯರುಗಳಾಗಿದ್ದೀರಿ, ಕೆಲವರು ಸರ್ಕಾರಿ ಹುದ್ದೆಗಳಲ್ಲಿದ್ದೀರಿ, ಇನ್ನು ಕೆಲವರು ಈ ಹೊಸ ಬಡಾವಣೆಗಳಲ್ಲಿಯೇ ಮನೆ ಮಾಡಿದ್ದೀರಿ. ಮುಂದಿನ ಭಾನುವಾರ ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋದಾಗ ಒಂದು ಸುತ್ತು ಹೊಡೆದು ಹಿಂತಿರುಗಬೇಡಿ. ಕೋಡಿ ಎಲ್ಲಿದೆ, ಅದರ ನೀರು ಯಾರ ಮನೆಯ ಹಿಂದೆ ಹರಿಯುತ್ತದೆ ಎಂಬುದನ್ನು ಅವರೊಡನೆ ಹುಡುಕಿ. ದಾರಿ ಕೇಳುವ ಹಕ್ಕು ಮೊದಲು ಬರುವುದು ಹುಡುಕಿದವರಿಗೆ.