ಪೈಸೆಯ ಲೆಕ್ಕಕ್ಕೆ ಕೋಬಾಲ್

ತಂತ್ರಾಂಶ ರಚಿಸುವ ಯುವಕರ ಮುಂದೆ ಕೋಬಾಲ್ ಹೆಸರೆತ್ತಿದರೆ ಮುಗುಳ್ನಗುವವರೇ ಹೆಚ್ಚು. ವಾಣಿಜ್ಯ ವ್ಯವಹಾರಕ್ಕೆಂದೇ 1959ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪ್ರೋಗ್ರಾಮಿಂಗ್ ಭಾಷೆಯನ್ನು ಪಂಡಿತರು ಬಹುಕಾಲ ಹಗುರವಾಗಿ ಕಂಡರು. ಇದನ್ನು ಕಲಿಸುವುದೇ ಅಪರಾಧವೆನಿಸಬೇಕೆಂದು ಡೈಕ್‌ಸ್ಟ್ರಾ 1975ರಲ್ಲಿ ಬರೆದದ್ದುಂಟು. 1990ರ ದಶಕದ ಕೊನೆಯಲ್ಲಿ, ಇಸವಿ 2000ದ ದಿನಾಂಕ ಸಮಸ್ಯೆಯ ನಿಮಿತ್ತ, ಬೆಂಗಳೂರಿನ ಕಂಪನಿಗಳಿಗೆ ಹೇರಳವಾಗಿ ಕೆಲಸ ತಂದುಕೊಟ್ಟದ್ದೂ ಇದೇ ಕೋಬಾಲ್. ಆ ಋಣ ಬೇಗನೆ ಮರೆತುಹೋಯಿತು.

2020ರ ಏಪ್ರಿಲ್‌ನಲ್ಲಿ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೋರಿದರು. ಅದೇ ತಿಂಗಳು ಐಬಿಎಂ ಮತ್ತು ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ ಉಚಿತ ತರಬೇತಿಯನ್ನು ಪ್ರಕಟಿಸಿದವು. ಪ್ರಯತ್ನ ಸ್ತುತ್ಯರ್ಹ. ಆದರೆ ಹಳೆಯ ಕಟ್ಟಡಕ್ಕೆ ಕಾವಲುಗಾರರು ಬೇಕಾಗಿದ್ದಾರೆ ಎಂಬಂಥ ಧಾಟಿಯ ಪ್ರಚಾರಕ್ಕೆ ಯಾವ ಯುವಕ ಒಲಿದಾನು? ಈ ಭಾಷೆಯ ನಿಜವಾದ ಹಿರಿಮೆ ಅದರ ವಯಸ್ಸಿನಲ್ಲಿಲ್ಲ, ಅಂಕಗಣಿತದಲ್ಲಿದೆ.

ಇಂದಿನ ಬಹುತೇಕ ಜನಪ್ರಿಯ ಭಾಷೆಗಳು ಬೇರೆ ಸೂಚನೆ ಇಲ್ಲದಿದ್ದರೆ ದಶಮಾಂಶ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಡುತ್ತವೆ. ಹತ್ತು ಪೈಸೆ, ಅಂದರೆ 0.10, ಆ ಪದ್ಧತಿಯಲ್ಲಿ ನಿಖರವಾಗಿ ಕೂರುವುದೇ ಇಲ್ಲ. ಅದನ್ನು ಹತ್ತು ಬಾರಿ ಕೂಡಿಸಿದರೆ ಯಂತ್ರದೊಳಗೆ ಒಂದು ರೂಪಾಯಿಗಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. 1.005ನ್ನು ಎರಡು ಸ್ಥಾನಗಳಿಗೆ ದುಂಡಾಗಿಸಿದರೆ 1.01ರ ಬದಲು 1.00 ಬರುವುದಕ್ಕೂ ಇದೇ ಕಾರಣ. ದಿನವೊಂದಕ್ಕೆ ನೂರಾರು ಬಿಲ್ಲು ಹಾಕುವ ಅಂಗಡಿಯಲ್ಲಿ ಖಾತೆ ತಾಳೆಯಾಗದೆ ಗುಮಾಸ್ತ ರಾತ್ರಿಯವರೆಗೆ ಕೂರಲು ಇಷ್ಟು ಸಾಕು.

ಕೋಬಾಲ್‌ನಲ್ಲಿ ರೂಪಾಯಿಗೆ ಇಷ್ಟು ಅಂಕಿ, ಪೈಸೆಗೆ ಎರಡು ಅಂಕಿ ಎಂದು ಖಾತೆಪುಸ್ತಕದ ಕಲಮುಗಳಂತೆ ಮೊದಲೇ ಬರೆಯಬೇಕು. ಮೊತ್ತ ದಶಮಾಂಶದಲ್ಲಿಯೇ ಉಳಿಯುತ್ತದೆ. ‘ರೌಂಡೆಡ್’ ಎಂಬ ಒಂದು ಪದ ಸೇರಿಸಿದರೆ ಅರ್ಧ ಮತ್ತು ಅದಕ್ಕೆ ಮೇಲ್ಪಟ್ಟದ್ದು ಮುಂದಿನ ಅಂಕಿಗೆ ಏರುತ್ತದೆ. ಐವತ್ತು ಪೈಸೆ ಹಾಗೂ ಅದಕ್ಕಿಂತ ಹೆಚ್ಚಿನದನ್ನು ಒಂದು ರೂಪಾಯಿಗೆ ಏರಿಸಬೇಕೆನ್ನುವ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನ ರೀತಿಯೂ ಇದೇ. ಜಾವಾ, ಪೈಥಾನ್‌ಗಳಲ್ಲಿಯೂ ದಶಮಾಂಶದ ಸೌಲಭ್ಯವಿದೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಅಲ್ಲಿ ಅದನ್ನು ನೆನಪಿಟ್ಟು ಬಳಸಬೇಕು. ಅವಸರದಲ್ಲಿ ಬರೆಯುವವನ ನೆನಪನ್ನು ನಂಬಿ ಖಾತೆ ಒಪ್ಪಿಸುವ ವರ್ತಕನುಂಟೆ?

ಕೋಬಾಲ್ ವಾಚಾಳಿ; ಮೊಬೈಲ್ ಪರದೆಯ ಅಂದಚಂದಕ್ಕೆ ಹೇಳಿದ್ದಲ್ಲ. ಅದನ್ನು ಲೆಕ್ಕದ ಭಾಗಕ್ಕಷ್ಟೇ ಮೀಸಲಿಟ್ಟು ಉಳಿದುದನ್ನು ಬೇರೆ ಭಾಷೆಗೆ ಬಿಡುವುದು ಯುಕ್ತ. ದೊಡ್ಡ ಯಂತ್ರವೂ ಬೇಡ: ಉಚಿತವಾಗಿ ದೊರೆಯುವ ಗ್ನೂಕೋಬಾಲ್ ಸಾಮಾನ್ಯ ಗಣಕಯಂತ್ರದಲ್ಲಿಯೇ, ವಿಂಡೋಸ್ ಇರಲಿ ಲಿನಕ್ಸ್ ಇರಲಿ, ನಡೆಯುತ್ತದೆ. ವಾಣಿಜ್ಯ ಕಾಲೇಜುಗಳಲ್ಲಿ ಲೆಕ್ಕಶಾಸ್ತ್ರದ ಜೊತೆಗೇ ಇದನ್ನು ಕಲಿಸಬಹುದು. ಜಮಾಖರ್ಚು ಬಲ್ಲ ವಿದ್ಯಾರ್ಥಿಗೆ ಇದರ ವಾಕ್ಯಗಳು ಪರಕೀಯವೆನಿಸಲಾರವು. ಅಲ್ಲಿಯವರೆಗೆ, ಬಿಲ್ಲಿಂಗ್ ತಂತ್ರಾಂಶ ಕೊಳ್ಳುವ ವರ್ತಕರು ಮುಂಗಡ ಕೊಡುವ ಮೊದಲು ಮಾರಾಟಗಾರರಿಂದ ಒಂದು ಉತ್ತರವನ್ನು ಲಿಖಿತವಾಗಿ ಪಡೆಯಲಿ: ಮೊತ್ತಗಳನ್ನು ಇಟ್ಟಿರುವುದು ದಶಮಾಂಶದಲ್ಲಿಯೋ, ದ್ವಿಮಾನದಲ್ಲಿಯೋ?