ಐವತ್ತು ದಾಟಿದವರಿಗೊಂದು ಮಾತು



ರಕ್ತದೊತ್ತಡ, ಸಕ್ಕರೆಕಾಯಿಲೆಗಳನ್ನು ಮದುವೆಮನೆಯ ಪಂಕ್ತಿಯಲ್ಲೂ ಚರ್ಚಿಸುವ ನಾವು ಗಂಡಸರು ಪ್ರಾಸ್ಟೇಟ್ ಗ್ರಂಥಿಯ ಹೆಸರೆತ್ತಲು ನಾಚುತ್ತೇವೆ. ಮೂತ್ರಕೋಶದ ಕೆಳಗಿರುವ ಈ ಪುಟ್ಟ ಗ್ರಂಥಿಯ ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ಯಾವ ಸೂಚನೆಯನ್ನೂ ಕೊಡದು. ಮೂಳೆಗೆ ಹರಡಿದ ಮೇಲೆ ಪೂರ್ಣವಾಗಿ ಗುಣಪಡಿಸುವುದು ಕಷ್ಟ. ಆದ್ದರಿಂದ ನೋವು ಬರಲೆಂದು ಕಾಯುವುದು ವಿವೇಕವಲ್ಲ.

ವಯಸ್ಸು 50 ಆದಾಗ, ತಂದೆಗೋ ಸೋದರರಿಗೋ ಈ ರೋಗ ಬಂದಿದ್ದರೆ 45ರಲ್ಲಿಯೇ, ಪಿ.ಎಸ್.ಎ. ರಕ್ತಪರೀಕ್ಷೆಯ ಸಾಧಕ ಬಾಧಕಗಳನ್ನು ವೈದ್ಯರಲ್ಲಿ ಕೇಳಿ ತಿಳಿಯಿರಿ. ಅಂಕಿ ಏರಿದ ಮಾತ್ರಕ್ಕೆ ಎದೆಗುಂದಬೇಡಿ. ವಯೋಸಹಜವಾಗಿ ಗ್ರಂಥಿ ದೊಡ್ಡದಾದರೂ, ಸೋಂಕು ತಗಲಿದರೂ ಅದು ಏರುತ್ತದೆ. ಕ್ಯಾನ್ಸರೇ ಆದರೂ, ನಿಧಾನವಾಗಿ ಬೆಳೆಯುವಂಥದ್ದಾದರೆ ಅನೇಕ ವೇಳೆ ವೈದ್ಯರ ನಿಗಾವೇ ಸಾಕಾಗುತ್ತದೆ.

ಇದನ್ನೋದುವ ಹೆಣ್ಣುಮಕ್ಕಳು ತಮ್ಮ ತಂದೆಯವರಿಗೂ ತಿಳಿಹೇಳಬೇಕು. ಪ್ರಾಣಕ್ಕಿಂತ ಸಂಕೋಚ ದೊಡ್ಡದಲ್ಲ.