ಲೆಕ್ಕಕ್ಕೆ ಸಿಗದ ಕೌದಿ

ನನ್ನ ಪತ್ನಿ ಆರು ತಿಂಗಳು ಅಮೆರಿಕದಲ್ಲಿದ್ದು ಅಕ್ಟೋಬರ್ ಮೊದಲ ವಾರ ಮಂಗಳೂರಿಗೆ ಮರಳಿದಳು. ನ್ಯೂಜೆರ್ಸಿಯಲ್ಲಿರುವ ಮಗಳ ಬಾಣಂತನಕ್ಕೆಂದು ಏಪ್ರಿಲ್‌ನಲ್ಲಿ ಹೋದವಳು. ಬಜಪೆಯ ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಆಕೆ ಕೇಳಿದ ಮೊದಲ ಪ್ರಶ್ನೆ ನನ್ನ ರಕ್ತದೊತ್ತಡದ ಬಗೆಗಲ್ಲ. "ಅತ್ತಿಯವರ ಕೌದಿ ಬಿಸಲಿಗೆ ಹಾಕಿದ್ರೇನ್ರೀ?" ಎಂದು. ನಾನು ಕಾರಿನ ಕಿಟಕಿಯಿಂದ ಹೊರಗೆ ನೋಡಿದೆ. ಉತ್ತರವಿಲ್ಲದ ಪ್ರಶ್ನೆಯನ್ನು ಮುಂದೂಡುವ ಕಲೆ ಸರ್ಕಾರಿ ಸೇವೆಯಲ್ಲಿ ಸಿದ್ಧಿಸಿರುತ್ತದೆ. ಮನೆಯಲ್ಲಿ ಅದು ನಡೆಯುವುದಿಲ್ಲ.

ಆಕೆಯ ತವರು ಧಾರವಾಡದ ಕಡೆ. ಅಲ್ಲಿ ಹಳೆಯ ಸೀರೆ, ಧೋತರಗಳನ್ನು ಎಸೆಯುವುದಿಲ್ಲ. ಒಂದರ ಮೇಲೊಂದು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ದಬ್ಬಣದಂಥ ಸೂಜಿಯಿಂದ ಸಾಲುಸಾಲಾಗಿ ಹೊಲಿದು ಕೌದಿ ಮಾಡುತ್ತಾರೆ. ಮದುವೆಯಾಗಿ ಕರಾವಳಿಗೆ ಬಂದಾಗ ಆಕೆ ತಂದ ವಿದ್ಯೆಯಿದು. ನೆರೆಹೊರೆಯವರು ಮೊದಮೊದಲು ಬಡತನದ ಗುರುತೆಂದು ಬಗೆದರು. ಮೊಮ್ಮಕ್ಕಳು ಹುಟ್ಟಿದಾಗ ಒಂದೊಂದನ್ನು ಹೊಲಿಸಿಕೊಂಡು ಹೋದರು. ಎಂಬತ್ತೆಂಟು ವರ್ಷದ ನನ್ನ ತಾಯಿ ಹನ್ನೆರಡು ವರ್ಷಗಳಿಂದ ಹೊದೆಯುತ್ತಿದ್ದುದು ಇಂಥದ್ದೇ ಕೌದಿಯನ್ನು. ಅದರಲ್ಲಿರುವುದು ಅಮ್ಮನದೇ ಹಳೆಯ ನೂಲಿನ ಸೀರೆಗಳು ಮತ್ತು ತೀರಿಹೋದ ನನ್ನ ತಂದೆಯ ಎರಡು ಪಂಚೆಗಳು.

ಜುಲೈ ತಿಂಗಳ ಒಂದು ದಿನ ಆ ಕೌದಿಯನ್ನು ನಾನು ಬಟ್ಟೆ ಒಗೆಯುವ ಯಂತ್ರಕ್ಕೆ ಹಾಕಿದೆ. ಯಾರೂ ಹೇಳಿರಲಿಲ್ಲ, ನನ್ನದೇ ನಿರ್ಧಾರ. ಹಳೆಯ ಹೊಲಿಗೆಗಳು ಬಿಚ್ಚಿಕೊಂಡವು, ಒಳಗಿನ ಪದರಗಳು ಮುದ್ದೆಯಾದವು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಅದೂ ಜುಲೈಯಲ್ಲಿ, ಅಷ್ಟು ದಪ್ಪದ ಬಟ್ಟೆ ಒಣಗುವುದೆಲ್ಲಿಂದ? ಮೂರು ವಾರ ಜಗಲಿಯಲ್ಲಿ ನೇತಾಡಿ ಬೂಷ್ಟು ಹಿಡಿಯಿತು. ಮಡಚಿ ಕಪಾಟಿನ ಮೇಲಿಟ್ಟು, ಅಂಗಡಿಯಿಂದ ಒಳ್ಳೆಯ ಬೆಲೆಯ ಕಂಬಳಿಯೊಂದನ್ನು ತಂದೆ. ಅಮ್ಮ ರಾತ್ರಿ ಅದನ್ನು ಪಕ್ಕಕ್ಕೆ ತಳ್ಳಿ, "ಇದು ಯಾರದ್ದು?" ಎಂದು ಕೇಳುತ್ತಿದ್ದರು. ಮರುರಾತ್ರಿ ಮತ್ತೆ ಅದೇ ಪ್ರಶ್ನೆ. ಮರೆವಿನ ಕಾಯಿಲೆ ಎಂದು ಹೋಮ್ ನರ್ಸ್ ಸಮಾಧಾನ ಹೇಳಿದಳು. ಅಮ್ಮನಿಗೆ ಮರೆವಿರುವುದು ನಿಜ. ಆದರೆ ಆ ಪ್ರಶ್ನೆ ಮರೆವಿನದಾಗಿರಲಿಲ್ಲ.

ಊರಿಗೆ ಬಂದ ಆಕೆ ಪೆಟ್ಟಿಗೆಗಳನ್ನು ಬಿಚ್ಚಲು ನಾಲ್ಕು ದಿನ ಹಿಡಿಯಿತು. ಮನೆಯನ್ನು ನಾನು ಚೆನ್ನಾಗಿಯೇ ನೋಡಿಕೊಂಡಿದ್ದೆನೆಂದು ನಂಬಿದ್ದೆ. ವಿದ್ಯುತ್ ಬಿಲ್ಲು, ಆಸ್ತಿ ತೆರಿಗೆ, ಅಡುಗೆ ಅನಿಲ ಎಲ್ಲವೂ ಸಕಾಲದಲ್ಲಿ ಆಗಿದ್ದವು. ಆದರೆ ಅಕ್ಕಿಯ ಡಬ್ಬಿಯಲ್ಲಿ ಹುಳು, ಪುಸ್ತಕದ ಕಪಾಟಿನ ಹಿಂದೆ ಗೆದ್ದಲು, ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಕಲೆ. ಹಲಸಿನ ಹಪ್ಪಳವಿಲ್ಲ, ಏಕೆಂದರೆ ಹಪ್ಪಳ ಮಾಡಬೇಕಾದ ಮೇ ತಿಂಗಳಲ್ಲಿ ಆಕೆ ಇರಲಿಲ್ಲ. ಅಂಗಳದಲ್ಲಿ ಕೊಳೆತ ಹಲಸಿನ ಲೆಕ್ಕ ಮಾತ್ರ ನನ್ನ ಬಳಿಯಿತ್ತು.

ಇವು ಕಣ್ಣಿಗೆ ಕಾಣುವ ಬಾಕಿಗಳು. ಕಾಣದ ಬಾಕಿಗಳೇ ಹೆಚ್ಚು. ಆಕೆಯ ಬಳಿ ಮುಯ್ಯಿಯ ಪುಸ್ತಕವೊಂದಿದೆ. ಯಾರ ಮನೆಯ ಮದುವೆಗೆ ಏನು ಕೊಟ್ಟೆವು, ನಮ್ಮ ಮಗಳ ಮದುವೆಗೆ ಯಾರಿಂದ ಏನು ಬಂತು ಎಂಬುದೆಲ್ಲ ಅದರಲ್ಲಿದೆ. ಆರು ತಿಂಗಳಲ್ಲಿ ಬಂದ ಆಮಂತ್ರಣಗಳಲ್ಲಿ ಏಳು ಮದುವೆಗಳಿಗೆ ನಾನು ಹೋಗಿದ್ದೆ, ಎಲ್ಲರಿಗೂ ಒಂದೇ ಮೊತ್ತದ ಲಕೋಟೆ ಕೊಟ್ಟಿದ್ದೆ. ಆಡಳಿತದ ದೃಷ್ಟಿಯಿಂದ ಇದು ಸಮಾನತೆ. ಆಕೆಯ ಪುಸ್ತಕದ ಪ್ರಕಾರ ಇಬ್ಬರಿಗೆ ಅವಮಾನ, ಒಬ್ಬರಿಗೆ ತೀರಿಸಲಾಗದ ಋಣ. ಇದಲ್ಲದೆ ಮೂರು ಮನೆಗಳಲ್ಲಿ ಸಾವಾಗಿತ್ತು. ನಾನು ದೂರವಾಣಿಯಲ್ಲಿ ಸಂತಾಪ ಹೇಳಿ ಮುಗಿಸಿದ್ದೆ. ಆಕೆ ಆ ಮನೆಗಳಿಗೆ ಹೋಗಿ, ಒಂದೊಂದರಲ್ಲಿ ಅರ್ಧ ದಿನ ಕುಳಿತು ಬಂದಳು. ಒಂದು ಕುಟುಂಬವನ್ನು ಬಂಧುಬಳಗದ ನಡುವೆ ಉಳಿಸುವ ಈ ದುಡಿಮೆಗೆ ಅರ್ಥಶಾಸ್ತ್ರದಲ್ಲಿ ಹೆಸರಿದೆಯೇ ಎಂದು ನನ್ನ ಎಂ.ಎ. ದಿನಗಳ ಪುಸ್ತಕಗಳನ್ನು ತಿರುವಿದೆ. ಗೆದ್ದಲು ತಿನ್ನದೆ ಬಿಟ್ಟ ಪುಟಗಳಲ್ಲಿ ಅದು ಸಿಗಲಿಲ್ಲ.

ಸಿಕ್ಕಿದ್ದು ಪಿಗೌ. ಕೇಂಬ್ರಿಡ್ಜಿನ ಈ ಅರ್ಥಶಾಸ್ತ್ರಜ್ಞ 1920ರಲ್ಲೇ ಒಂದು ವಿಚಿತ್ರವನ್ನು ತೋರಿಸಿದ್ದರು. ಗಂಡಸೊಬ್ಬ ಸಂಬಳ ಕೊಟ್ಟು ಇಟ್ಟುಕೊಂಡ ಮನೆವಾರ್ತೆಯವಳನ್ನೋ ಅಡುಗೆಯವಳನ್ನೋ ಮದುವೆಯಾದರೆ ರಾಷ್ಟ್ರೀಯ ಆದಾಯ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಕೆಲಸ ಅದೇ, ಮಾಡುವವಳೂ ಅವಳೇ. ಸಂಬಳ ನಿಂತಿತು, ಆದ್ದರಿಂದ ಉತ್ಪಾದನೆಯೂ ನಿಂತಿತು! ನಮ್ಮ ಮನೆಯಲ್ಲಿ ಇದು ತಲೆಕೆಳಗಾಗಿ ನಡೆಯಿತು. ಪತ್ನಿ ಇಲ್ಲದ ಆರು ತಿಂಗಳು ಅಡುಗೆಯವರಿಗೆ ತಿಂಗಳಿಗೆ 6,000 ರೂ., ಅಮ್ಮನನ್ನು ನೋಡಿಕೊಂಡ ಹೋಮ್ ನರ್ಸ್‌ಗೆ 18,000 ರೂ. ಕೊಟ್ಟೆ. ಒಟ್ಟು 1,44,000 ರೂ. ಭಾರತದ ಜಿಡಿಪಿ ಅಷ್ಟು ಏರಿರಬೇಕು. ಅತ್ತ ಮಗಳು ಜುಲೈ ಕೊನೆಯಲ್ಲಿ ಕೆಲಸಕ್ಕೆ ಮರಳಿದ ಮೇಲೆ ಎರಡು ತಿಂಗಳು ಹಗಲಿಡೀ ಮಗುವನ್ನು ನೋಡಿಕೊಂಡವಳು ಅಜ್ಜಿ. ಅಲ್ಲಿನ ಶಿಶುಪಾಲನಾ ಕೇಂದ್ರ ತಿಂಗಳಿಗೆ ಎರಡು ಸಾವಿರ ಡಾಲರ್ ಕೇಳಿತ್ತಂತೆ. ಅಮೆರಿಕದ ಜಿಡಿಪಿಗೆ ನಾಲ್ಕು ಸಾವಿರ ಡಾಲರ್ ಖೋತಾ. ಎರಡು ದೇಶಗಳ ಲೆಕ್ಕಪತ್ರಗಳನ್ನು ಅಲುಗಿಸಿ ಬಂದ ಮಹಿಳೆಯ ಹೆಸರು ಎರಡರಲ್ಲೂ ಇಲ್ಲ.

ಇದು ಒಂದು ಮನೆಯ ಮಾತಲ್ಲ. ಮಂಗಳೂರಿನ ಯಾವ ಬಡಾವಣೆಗೆ ಹೋದರೂ ಮಗಳ ಅಥವಾ ಸೊಸೆಯ ಹೆರಿಗೆಗೆ ಹೊರದೇಶಕ್ಕೆ ಹೋಗಿಬಂದ ಅಜ್ಜಿಯರು ಸಿಗುತ್ತಾರೆ. ವಿದೇಶದಿಂದ ಮಕ್ಕಳು ಕಳುಹಿಸುವ ಹಣವನ್ನು ನಾವು ಪೈಸೆ ಬಿಡದೆ ದಾಖಲಿಸುತ್ತೇವೆ. ಇಲ್ಲಿಂದ ಅಲ್ಲಿಗೆ ಹೋಗುವ ದುಡಿಮೆಯನ್ನು ದಾಖಲಿಸುವ ಕಾಲಂ ಇಲ್ಲ.

ಹಾಗೆಂದು ಸರ್ಕಾರದ ಬಳಿ ಮಾಹಿತಿಯೇ ಇಲ್ಲವೆಂದಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ಮತ್ತು 2024ರಲ್ಲಿ ಜನರು ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಿದ್ದರೆ 2024ರಲ್ಲಿ ಅದು 289 ನಿಮಿಷ. ಪುರುಷರದ್ದು 97 ನಿಮಿಷವಿದ್ದುದು 88ಕ್ಕೆ ಇಳಿದಿದೆ. ಅಂದರೆ ಹೆಂಗಸರ ಕೆಲಸ ಕಡಿಮೆಯಾಗಿದ್ದರೆ ಅದು ನಾವು ಹೆಗಲು ಕೊಟ್ಟಿದ್ದರಿಂದಲ್ಲ. ಈ ಸರಾಸರಿಯೂ ಕೆಲಸಕ್ಕೆ ಕೈ ಹಾಕುವವರದು ಮಾತ್ರ. 2019ರಲ್ಲಿ ಹಾಗೆ ಕೈ ಹಾಕುತ್ತಿದ್ದ ಪುರುಷರು ನೂರಕ್ಕೆ 26 ಮಂದಿ, ಮಹಿಳೆಯರು 81.

ನನ್ನದೂ ಒಂದು ತಪ್ಪೊಪ್ಪಿಗೆಯಿದೆ. 2001ರ ಜನಗಣತಿಯಲ್ಲಿ ನಾನು ತಾಲ್ಲೂಕು ಮಟ್ಟದ ಹೊಣೆ ಹೊತ್ತಿದ್ದೆ. ಗಣತಿದಾರರಿಗೆ ತರಬೇತಿ ಕೊಡುವಾಗ ಶಿಕ್ಷಕಿಯೊಬ್ಬರು ಎದ್ದು ನಿಂತು, "ಸರ್, ಮನೆಯಲ್ಲೇ ಇರುವವರಿಗೆ ಏನು ಬರೆಯುವುದು?" ಎಂದು ಕೇಳಿದರು. "ಕೆಲಸಗಾರರಲ್ಲ ಎಂದು ಬರೆಯಿರಿ, ಮುಂದಕ್ಕೆ ಹೋಗೋಣ" ಎಂದಿದ್ದೆ. ಸೂಚನಾ ಪುಸ್ತಕದಲ್ಲಿ ಹಾಗೆಯೇ ಇತ್ತು. ಗೃಹಕೃತ್ಯ ಮಾಡುವವರು, ವಿದ್ಯಾರ್ಥಿಗಳು, ಪಿಂಚಣಿದಾರರು, ಭಿಕ್ಷುಕರು ಎಲ್ಲರೂ 'ಕೆಲಸಗಾರರಲ್ಲದವರು'. ಒಂಬತ್ತು ವರ್ಷಗಳ ನಂತರ, 2010ರಲ್ಲಿ, ಅರುಣ್ ಕುಮಾರ್ ಅಗರ್‌ವಾಲ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎ.ಕೆ. ಗಂಗೂಲಿ ಈ ವರ್ಗೀಕರಣವನ್ನು ಕಟುವಾಗಿ ಟೀಕಿಸಿದರು. ಅದನ್ನು ಓದಿದ ದಿನ ಆ ಶಿಕ್ಷಕಿಯ ಮುಖ ನೆನಪಾಯಿತು. ಈಗ ಪಿಂಚಣಿದಾರನಾಗಿ ನಾನೂ ಅದೇ ಪಟ್ಟಿಯಲ್ಲಿದ್ದೇನೆ. ನನ್ನ ಮಟ್ಟಿಗೆ ಆ ವರ್ಗೀಕರಣ ಸರಿಯಾಗಿಯೇ ಇದೆ.

ನಮ್ಮ ಕಾನೂನು ಗೃಹಿಣಿಯ ದುಡಿಮೆಗೆ ಬೆಲೆ ಕಟ್ಟುವ ಸಂದರ್ಭ ಒಂದಿದೆ: ಆಕೆ ಅಪಘಾತದಲ್ಲಿ ಸತ್ತಾಗ. ಜಮ್ಶೆಡ್‌ಪುರದ 1989ರ ಅಗ್ನಿದುರಂತಕ್ಕೆ ಸಂಬಂಧಿಸಿದ ಲತಾ ವಾಧ್ವಾ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಸೇವೆಯನ್ನು ತಿಂಗಳಿಗೆ 3,000 ರೂ. ಎಂದು ಅಂದಾಜಿಸಿತು. 2021ರ ಜನವರಿಯ ಕೀರ್ತಿ ಪ್ರಕರಣದಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಇನ್ನೂ ವಿಸ್ತಾರವಾಗಿ ಈ ಶ್ರಮದ ಮೌಲ್ಯವನ್ನು ವಿವರಿಸಿದರು. ಉದಾತ್ತ ತೀರ್ಪುಗಳೇ. ಆದರೆ ಬದುಕಿರುವಷ್ಟು ಕಾಲ ಶೂನ್ಯ, ಬಸ್ಸಿನಡಿ ಸಿಕ್ಕರೆ ಮಾತ್ರ ಮೌಲ್ಯ ಎಂಬ ಲೆಕ್ಕಾಚಾರದಲ್ಲಿ ಏನೋ ಕೊರತೆಯಿದೆ ಎನ್ನಿಸುವುದಿಲ್ಲವೇ?

ಕೌದಿಯ ವಿಷಯದಲ್ಲಂತೂ ಗೊಂದಲ ಇನ್ನೂ ಸ್ವಾರಸ್ಯಕರ. ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕ ಪದ್ಧತಿ ಪ್ರಕಾರ ಸ್ವಂತ ಬಳಕೆಗಾಗಿ ಮನೆಯಲ್ಲಿ ಮಾಡಿದ ವಸ್ತು ಉತ್ಪಾದನೆ. ಮನೆಯವರಿಗೆ ಮಾಡಿದ ಸೇವೆ ಉತ್ಪಾದನೆಯಲ್ಲ. ಹಾಗಾದರೆ ಅಮ್ಮನಿಗೆ ಕೌದಿ ಹೊಲಿದರೆ ಉತ್ಪಾದನೆ, ಅದನ್ನು ಹೊದೆಸಿದರೆ ಅಲ್ಲ. ನಮ್ಮ ಶ್ರಮಬಲ ಸಮೀಕ್ಷೆಗೆ ಬಂದರೆ ಹೊಲಿಯುವುದೂ ಬಿದ್ದುಹೋಗುತ್ತದೆ. ಅಲ್ಲಿ 92 ಎಂಬ ಸಂಕೇತ ಬರೀ ಮನೆಗೆಲಸ ಮಾಡುವವರಿಗೆ. 93 ಎಂಬುದು ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು ತರುವ, ಮನೆಬಳಕೆಗೆ ಹೊಲಿಗೆ, ನೇಯ್ಗೆ ಮಾಡುವವರಿಗೆ. ಎರಡೂ ಶ್ರಮಬಲದ ಹೊರಗೆ. ನನ್ನ ಪತ್ನಿ ಸಂಕೇತ ಸಂಖ್ಯೆ 93.

ಇದೇ ಹೊಲಿಗೆ ಕಡಲು ದಾಟಿದರೆ ಬೇರೆಯಾಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ತಲೆಮಾರುಗಳಿಂದ ಕೌದಿ ಹೊಲಿಯುತ್ತಾ ಬಂದವರು. ಅಂಚಿನಿಂದ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುವುದು, ಮೂಲೆಗಳಲ್ಲಿ ಬಟ್ಟೆ ಮಡಚಿ 'ಫೂಲ' ಇಡುವುದು ಅವರ ರೀತಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಆಸಕ್ತಿಯಿಂದ ಆ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಉತ್ತರ ಕನ್ನಡದಲ್ಲಿ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ಅವರ ಹಟ್ಟಿಗಳ ಮುಂದೆ ಅಂಥ ಕೌದಿಗಳು ಬಿಸಿಲಿಗೆ ಹರವಿದ್ದುದನ್ನು ನಾನು ಎಷ್ಟೋ ಸಲ ಜೀಪಿನಿಂದ ನೋಡಿದ್ದೇನೆ. ಇಳಿದು ಕೇಳಲಿಲ್ಲ. ನಾನು ಹೋಗುತ್ತಿದ್ದುದು ಪಡಿತರ ಚೀಟಿಯ ತಪಾಸಣೆಗೆ.

ಹಾಗಾದರೆ ಗೃಹಿಣಿಯರಿಗೆ ಸಂಬಳ ಕೊಡಬೇಕೇ? ಈ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಸಂಬಳವೆಂದರೆ ಧಣಿ ಬೇಕು, ಹಾಜರಿ ಬೇಕು; ಮನೆಗೆಲಸ ಹೆಂಗಸಿನದೇ ಎಂಬ ಭಾವನೆ ಗಟ್ಟಿಯಾಗುತ್ತದೆ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂ. ಬಡಕುಟುಂಬದ ಯಜಮಾನಿಯ ಕೈಗೆ ಹಣ ಕೊಟ್ಟಿತು, ಅದು ಸಣ್ಣ ಮಾತಲ್ಲ. ಆದರೆ ಅದು ನೆರವು, ಮೌಲ್ಯಮಾಪನವಲ್ಲ. ನಾನು ಕೇಳುವುದು ಇನ್ನೂ ಕಡಿಮೆ ಖರ್ಚಿನದು. ಮೆಕ್ಸಿಕೋ ದೇಶ ಮನೆಯ ವೇತನರಹಿತ ದುಡಿಮೆಯ ಮೌಲ್ಯವನ್ನು ಜಿಡಿಪಿಯ ಪಕ್ಕದಲ್ಲಿ ಪ್ರತ್ಯೇಕ ಲೆಕ್ಕವಾಗಿ ಪ್ರಕಟಿಸುತ್ತದೆ. ಎರಡು ಸಮಯ ಸಮೀಕ್ಷೆಗಳನ್ನು ಕೈಯಲ್ಲಿಟ್ಟುಕೊಂಡಿರುವ ನಾವೇಕೆ ಅದನ್ನು ಮಾಡಬಾರದು? 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಅಧಿಸೂಚನೆಯಾಗಿರುವ ಜನಗಣತಿಯಲ್ಲಿ, ಇನ್ನಾವುದೋ ತಾಲ್ಲೂಕಿನ ತರಬೇತಿ ಸಭೆಯಲ್ಲಿ, ಇನ್ನೊಬ್ಬ ಶಿಕ್ಷಕಿ ಎದ್ದು ನಿಂತು ಅದೇ ಪ್ರಶ್ನೆ ಕೇಳಿದರೆ ಅಧಿಕಾರಿಯ ಬಳಿ ನನಗಿಂತ ಮೇಲಾದ ಉತ್ತರವಿರಲಿ.

ಕೌದಿಯ ವಿಷಯ ಹೇಳಿಬಿಡುತ್ತೇನೆ. ಕಪಾಟಿನ ಮೇಲಿನ ಮುದ್ದೆಯನ್ನು ಕಂಡು ಆಕೆ ಬೈಯಲಿಲ್ಲ. ಹೊಲಿಗೆಯನ್ನೆಲ್ಲ ಬಿಚ್ಚಿ, ಪದರಗಳನ್ನು ಬೇರೆಮಾಡಿ, ಅಕ್ಟೋಬರ್ ಬಿಸಿಲಿಗೆ ಒಂದು ವಾರ ಒಣಗಿಸಿದಳು. ಅಪ್ಪನ ಒಂದು ಪಂಚೆ ಉಳಿಯಿತು, ಇನ್ನೊಂದು ಕೈಯಲ್ಲೇ ಹರಿಯಿತು. ಅದರ ಜಾಗಕ್ಕೆ ತನ್ನದೊಂದು ಇಳಕಲ್ ಸೀರೆ ಹಾಸಿದಳು. ಮೊಮ್ಮಗುವಿಗೆ ಮೂರೇ ತಿಂಗಳಲ್ಲಿ ಚಿಕ್ಕದಾದ ಅಂಗಿಗಳನ್ನು ನ್ಯೂಜೆರ್ಸಿಯಿಂದ ಕಟ್ಟಿಕೊಂಡು ಬಂದಿದ್ದಾಳೆ. ಅವೂ ಮೇಲಿನ ತುಂಡುಗಳಾಗುತ್ತಿವೆ. ನವೆಂಬರ್‌ನಲ್ಲಿ ಅಮ್ಮನಿಗೆ ಕಫ ಕಟ್ಟಿ ಐದು ದಿನ ಆಸ್ಪತ್ರೆಯಲ್ಲಿದ್ದಾಗ ಕೆಲಸ ನಿಂತಿತು. ಅಲ್ಲಿಂದ ಬಂದ ಮೇಲೆ ಅಮ್ಮ ಹಗಲು ಹೊತ್ತು ಆಕೆಯ ಪಕ್ಕದಲ್ಲೇ ಕುಳಿತು ತಮ್ಮ ಸೀರೆಯ ಅಂಚನ್ನು ಬೆರಳಿನಿಂದ ಸವರುತ್ತಾರೆ. ಸೂಜಿಗೆ ದಾರ ಪೋಣಿಸುವ ಕೆಲಸ ನನಗೆ ಬಂದಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ್ದರಿಂದ ನನಗೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆಯೆಂದು ಆಕೆಯ ವಾದ. ದಿನಕ್ಕೆ ಹತ್ತು ನಿಮಿಷದ ಕೆಲಸ. ನಡುವೆ ಒಂದು ಮೊಳದಷ್ಟು ಜಾಗ ಉಳಿದಿದೆ. ಸಂಕ್ರಾಂತಿಯೊಳಗೆ ಮುಗಿಸಬೇಕೆಂಬ ಆತುರ ಆಕೆಗೆ. ಅಮ್ಮನಿಗೆ ಈಗ ರಾತ್ರಿ ಹೊತ್ತು ಚಳಿ ಹೆಚ್ಚು.